ಹಲ್ಲುಮಾವನ ಆರ್ಕಿಡ್

ನನ್ನ ಸೋದರಮಾವನ ಕೈಗುಣದ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿರಲಿಲ್ಲ. ಜೀವವಿಲ್ಲದ ಯಾವುದನ್ನೇ ಅವನ ಕೈಗೆ ಕೊಡಿ, ಮೊಮ್ಮಕ್ಕಳ ಕಾಲದವರೆಗೆ ಬಾಳಿಕೆ ಬರುವ ಹಾಗೆ ಮಾಡಿಕೊಡುತ್ತಿದ್ದ. ಜೀವವಿರುವುದನ್ನು ಕೊಟ್ಟಿರೋ, ಹದಿನೈದು ದಿನದಲ್ಲಿ ಅದರ ಕಥೆ ಮುಗಿಯುತ್ತಿತ್ತು. ಮೀನು ಸಾಕಿದ; ನೀರಿನಲ್ಲಿ ಕ್ರಿಮಿ ಇರುತ್ತದೆಂದು ದಿನಾ ಕುದಿಸಿ ಆರಿಸಿ ಹಾಕುತ್ತಿದ್ದವನು ಒಂದು ದಿನ ಆರಿಸುವುದನ್ನು ಮರೆತ. ಕಳ್ಳಿ ಗಿಡ ತಂದ. ಮುಳ್ಳಿನ ಸಂದಿಯಲ್ಲಿ ಧೂಳು ಕೂತಿದೆಯೆಂದು ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ಹೊತ್ತು ಉಜ್ಜಿದ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಇವನ ಬಳಿ ಬಿಟ್ಟುಹೋದ ಗಿಳಿಯೊಂದೇ ಬದುಕಿ ಉಳಿದದ್ದು, ಅದೂ ಎರಡನೇ ದಿನವೇ ಪಂಜರದಿಂದ ಹಾರಿಹೋದ ಕಾರಣಕ್ಕೆ. 'ಅವನ ಕೈಗೆ ಕಲ್ಲು ಕೊಟ್ರೂ ಬಾಡುತ್ತೆ' ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅಮ್ಮ ಅವನಿಗೆ ಅಕ್ಕ. ಅಕ್ಕಂದಿರಿಗೆ ಹೀಗೆಲ್ಲ ಹೇಳುವ ಹಕ್ಕು ಹುಟ್ಟಿನಿಂದಲೇ ಬಂದಿರುತ್ತದೆ.

ಮಾವನ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ನಾವು ಮಕ್ಕಳೆಲ್ಲ ಅವನನ್ನು ಹಲ್ಲುಮಾವ ಎಂದೇ ಕರೆಯುತ್ತಿದ್ದೆವು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದುಗಡೆ, ಬಚ್ಚಲಿಗೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತಿದ್ದ. ಗೋಡೆಯ ಹಲಗೆಗಳ ಮೇಲೆ ಊರಿನ ಅರ್ಧ ಜನರ ಬಾಯಿಗಳು ಬಿಳಿ ಪ್ಲಾಸ್ಟರಿನಲ್ಲಿ ತೆರೆದುಕೊಂಡಿದ್ದವು. ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ ಬರೆದ ನಂಬರು. ಮೇಜಿನ ಮೇಲೆ ಸ್ಪಿರಿಟ್ ದೀಪ, ಮೇಣದ ಹಾಳೆಗಳು, ಮೇಣ ಕೆತ್ತುವ ಸಣ್ಣ ಸಣ್ಣ ಚಾಕುಗಳು, ಪಾಲಿಶ್ ಮಾಡುವ ಮೋಟಾರು, ಮತ್ತು ವಸಡು ಮಾಡುವ ಗುಲಾಬಿ ಪುಡಿಯ ಡಬ್ಬಿ. ರೋಗಿಗಳು ಮುಂಬಾಗಿಲಿನಿಂದ ಬರುತ್ತಿದ್ದರು, ಮಾವ ಹಿಂಬಾಗಿಲಿನಿಂದ. ಹೊಸ ಹಲ್ಲು ಹಾಕಿಸಿಕೊಂಡವರು ಕನ್ನಡಿ ನೋಡಿ ಖುಷಿಪಟ್ಟು ಡಾಕ್ಟರನ್ನು ಹೊಗಳಿ ಹೋಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆಂಬುದು ಅವರಿಗೆ ಗೊತ್ತಿರಲಿಲ್ಲ.

ಅದರ ಬಗ್ಗೆ ಮಾವನಿಗೆ ಬೇಸರವಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ನಕ್ಕರೆ ಗಕ್ಕನೆ ನಿಲ್ಲುತ್ತಿದ್ದ. ತಾನು ಕಟ್ಟಿದ ಸೆಟ್ಟು ಎಂದು ಗುರುತು ಸಿಕ್ಕರೆ, ಇನ್ನೊಮ್ಮೆ ನಗುತ್ತಾರೇನೋ ಎಂದು ಅವರ ಹಿಂದೆಯೇ ಒಂದು ಬೀದಿ ಹೋಗುತ್ತಿದ್ದ. ಒಮ್ಮೆ ಪೊಲೀಸಿನವನೊಬ್ಬ ಅವನನ್ನು ತಡೆದು, ಯಾಕಯ್ಯಾ ಆ ಹೆಂಗಸಿನ ಹಿಂದೆ ಬಿದ್ದಿದ್ದೀಯ ಎಂದು ಗದರಿದಾಗ, ಮಾವ ಪೊಲೀಸಿನವನ ಬಾಯಿಯನ್ನೇ ನೋಡುತ್ತ, ನಿಮ್ಮ ಮೇಲಿನ ಎಡಗಡೆ ದವಡೆಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದನಂತೆ. ಅವನ ಕಸುಬಿನ ಗುಟ್ಟು ಒಂದೇ. ಎಲ್ಲ ಹಲ್ಲೂ ಸರಿಯಾಗಿ ಕೂತರೆ ಸುಳ್ಳೆಂದು ಯಾರಿಗಾದರೂ ತಿಳಿಯುತ್ತದೆ. ಅದಕ್ಕೇ ಪ್ರತಿ ಸೆಟ್ಟಿನಲ್ಲೂ ಒಂದು ಹಲ್ಲನ್ನು ಕೂದಲೆಳೆಯಷ್ಟು ಸೊಟ್ಟ ಕೂರಿಸುತ್ತಿದ್ದ. ನನ್ನ ಅಜ್ಜಿಯ, ಎಂದರೆ ಅವನ ತಾಯಿಯ ಬಾಯಲ್ಲಿದ್ದುದೂ ಅವನು ಕಟ್ಟಿದ್ದೇ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಅಜ್ಜಿ ಆ ಗಾದೆ ಹೇಳಿದವರ ಎದುರಿಗೇ ಕಡಲೆ ಅಗಿದು ತೋರಿಸುತ್ತಿದ್ದಳು.

ಆ ಅಜ್ಜಿಯದೇ ಈಗ ಮನೆಯಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ನಮ್ಮ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಯಿತು, ಕೋಲು ಹಿಡಿದು ಮನೆಯೊಳಗೆ ಓಡಾಡುವಂತಾಯಿತು, ಆದರೆ ಮೆಟ್ಟಿಲು ಇಳಿಯುವಂತಿರಲಿಲ್ಲ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಾಲಿನಲ್ಲಿ, ಚಪ್ಪಲಿ ಗೂಡಿನ ಪಕ್ಕದಲ್ಲಿ ಅವಳ ಮಂಚ. ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ನೀರಿನ ಟ್ಯಾಂಕು. ಜೀವಮಾನವೆಲ್ಲ ಹಾದಿಬೀದಿಯವರನ್ನು ನಿಲ್ಲಿಸಿ ಮಾತಾಡಿಸಿದ ಹೆಂಗಸು, ಟ್ಯಾಂಕಿನ ಜೊತೆ ಎಷ್ಟು ಮಾತಾಡಿಯಾಳು. ಹತ್ತು ತಿಂಗಳಿಂದ ಅವಳು ರಸ್ತೆಯನ್ನೇ ಕಂಡಿರಲಿಲ್ಲ.

ಒಂಟಿಯಾಗಿದ್ದ ಮಾವನ ಮನೆ ನೆಲಮಹಡಿಯಲ್ಲಿತ್ತು, ಕ್ಲಿನಿಕ್ಕಿನಿಂದ ಕೂಗಿದರೆ ಕೇಳುವ ದೂರ. ಮುಂದಿನ ಕೋಣೆಯ ಕಿಟಕಿ ನೇರ ರಸ್ತೆಗೇ ತೆರೆಯುತ್ತಿತ್ತು. ಎದುರಿಗೆ ಚಪ್ಪಲಿ ಹೊಲಿಯುವವನು, ಪಕ್ಕದಲ್ಲಿ ಇಸ್ತ್ರಿ ಅಂಗಡಿ, ಹತ್ತು ಹೆಜ್ಜೆಗೆ ಬಸ್ ಸ್ಟಾಪು. 'ನನ್ನನ್ನ ಆ ಕಿಟಕಿ ಹತ್ರ ಕೂರಿಸಿಬಿಡಿ, ಇನ್ನೇನೂ ಕೇಳಲ್ಲ' ಎಂದು ಅಜ್ಜಿ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಮಾವನಿಗೂ ಅದೇ ಆಸೆ. ಅಮ್ಮ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. ಮೀನು, ಕಳ್ಳಿ, ಗಿಳಿ ಎಂದು ಬೆರಳು ಮಡಚಿ ಎಣಿಸಿ, ನಾಲ್ಕನೇ ಬೆರಳನ್ನು ಏನೂ ಹೇಳದೆ ತಮ್ಮನ ಮುಂದೆ ಹಿಡಿಯುತ್ತಿದ್ದಳು.

ಪರಿಸ್ಥಿತಿ ಹೀಗಿರುವಾಗ ಒಂದು ಸೋಮವಾರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಒಂದು ಕುಂಡವನ್ನು ಎತ್ತಿಕೊಂಡು ಮಾವನ ಕೋಣೆಗೆ ಬಂದಳು. ಇನ್ನೊಂದು ಕೈಯಲ್ಲಿ ಒಂದು ದಪ್ಪ ಎಲೆ. ರೋಗಿಗಳು ಕಾಯುವ ಕೋಣೆಯ ಮೂಲೆಯಲ್ಲಿ ಒಂದೂವರೆ ವರ್ಷದಿಂದ ಇದ್ದ ಪ್ಲಾಸ್ಟಿಕ್ ಗಿಡ ಅದು. ವಾರಕ್ಕೊಮ್ಮೆ ಕುರ್ಚಿ ಮೇಜು ಒರೆಸುವಾಗ ಅದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವುದು ಅವಳ ಕೆಲಸ. ಮೊದಲು ಅದರಲ್ಲಿ ಹೂವುಗಳೂ ಇದ್ದವಂತೆ; ಯಾರೋ ಮಕ್ಕಳು ಕಿತ್ತು ಬಿಸಾಡಿದ್ದರೆಂದು ಅವಳು ಆಗ ಗೋಡೆಗೆ ಒಂದು ಎಚ್ಚರಿಕೆಯ ಚೀಟಿಯನ್ನೂ ಅಂಟಿಸಿದ್ದಳು. ಈಗ ಒರೆಸುವಾಗ ಎಲೆಯೇ ಕೈಗೆ ಬಂದಿತ್ತು. ಡಾಕ್ಟರು ನೋಡುವ ಮುಂಚೆ ಇದನ್ನು ನಿಮ್ಮ ಅಂಟಿನಲ್ಲಿ ಕೂರಿಸಿಕೊಡಿ ಅಣ್ಣ ಎಂದು ಬೇಡಿಕೊಂಡಳು. ಎರಡು ತುಂಡಾದ ಸೆಟ್ಟುಗಳನ್ನು ಮಾವ ಗೆರೆ ಕಾಣದ ಹಾಗೆ ಜೋಡಿಸುವುದನ್ನು ಅವಳು ನೋಡಿದ್ದಳಲ್ಲ.

ಮಾವ ಎಲೆಯ ಮುರಿದ ತುದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದ. ಬೆರಳಿನಿಂದ ಒತ್ತಿದ. ಒಂದು ಹನಿ ನೀರು ಹೊರಬಂತು.

'ಪ್ಲಾಸ್ಟಿಕ್ಕಿಗೆ ಜೊಲ್ಲು ಬರಲ್ಲ ಕಣಮ್ಮ' ಎಂದ. 'ಇದಕ್ಕೆ ಜೀವ ಇದೆ.'

ಆ ಹುಡುಗಿ ಅಲ್ಲೇ ಪ್ಲಾಸ್ಟರ್ ಮೂಟೆಯ ಮೇಲೆ ಕುಸಿದು ಕೂತಳಂತೆ. ಒಂದೂವರೆ ವರ್ಷ ಆ ಗಿಡಕ್ಕೆ ಯಾರೂ ಒಂದು ಲೋಟ ನೀರು ಹಾಕಿರಲಿಲ್ಲ. ಸೋಮವಾರದ ಒದ್ದೆ ಬಟ್ಟೆಯಿಂದ ತೊಟ್ಟಿಕ್ಕಿದ್ದನ್ನೇ ಕುಡಿದುಕೊಂಡು ಅದು ಹಲ್ಲು ಕಚ್ಚಿ ಬದುಕಿತ್ತು. ಕುಂಡದೊಳಗೆ ಕೈ ಹಾಕಿದರೆ ಟೋಕನ್ ಚೀಟಿಗಳು, ಹತ್ತಿಯ ಉಂಡೆಗಳು, ರಾಶಿ ಚಾಕೊಲೇಟ್ ಕಾಗದ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತು ಚಾಕೊಲೇಟ್ ತಿನ್ನುವ ಜನ ಇರುವವರೆಗೆ ಮಾವನ ಕಸುಬಿಗೇನೂ ಮೋಸವಿಲ್ಲ. ಡಾಕ್ಟರೂ ಬಂದು ನೋಡಿ ಬೆರಗಾದರು. ಕೋಣೆಗೆ ಹೊಸ ಬಣ್ಣ ಹೊಡೆಸಿದಾಗ ಯಾರೋ ತಂದುಕೊಟ್ಟ ಆರ್ಕಿಡ್ ಅದು, ಅವರೂ ಪ್ಲಾಸ್ಟಿಕ್ ಎಂದೇ ತಿಳಿದಿದ್ದರು. ಹೂವು ಯಾವ ಬಣ್ಣದ್ದಿತ್ತು ಎಂದು ಮಾವ ಕೇಳಿದ. ಡಾಕ್ಟರು ಹಳದಿ ಎಂದರು, ರಿಸೆಪ್ಷನಿಸ್ಟ್ ನೀಲಿ ಇರಬೇಕು ಎಂದಳು. ಹಲ್ಲುನೋವಿನ ಜಾಗದಲ್ಲಿ ಯಾರೂ ಹೂವಿನ ಮುಖ ನೋಡಿರಲಿಲ್ಲ.

ಮಾವ ಅಂದು ಸಂಜೆ ಕುಂಡವನ್ನು ತಬ್ಬಿಕೊಂಡು ನಮ್ಮ ಮೂರು ಮಹಡಿ ಹತ್ತಿ ಬಂದ. ನಾಲ್ಕು ಸುಕ್ಕುಗಟ್ಟಿದ ಎಲೆ, ಒಂದು ಕಡ್ಡಿಗೆ ಕಟ್ಟಿದ ಬೋಳು ಹೂದಂಟು. ಅಮ್ಮ ಒಮ್ಮೆ ಗಿಡವನ್ನು ನೋಡಿದಳು, ಒಮ್ಮೆ ತಮ್ಮನನ್ನು ನೋಡಿದಳು. ಅಜ್ಜಿಯ ವಿಷಯ ಅವನು ಮತ್ತೆ ಎತ್ತುವುದರೊಳಗೆ ಮಾತು ಮುಗಿಸಿಬಿಡಬೇಕೆಂದು ಅವಳ ಲೆಕ್ಕ.

'ಮೊದಲು ಇದನ್ನ ಬದುಕಿಸು' ಎಂದಳು. 'ಇದು ಹೂ ಬಿಟ್ಟ ದಿನ ಬಂದು ಅಮ್ಮನ್ನ ಕರ್ಕೊಂಡು ಹೋಗು. ನಾನು ಒಂದು ಮಾತೂ ಆಡಲ್ಲ.'

ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅಜ್ಜಿ, 'ನಾನು ಕೇಳಿಸ್ಕೊಂಡೆ' ಎಂದಳು.

ಅಮ್ಮನಿಗೆ ತಾನು ಸೋಲುತ್ತೇನೆಂಬ ಭಯ ಕಿಂಚಿತ್ತೂ ಇರಲಿಲ್ಲ. ಅವನ ಇತಿಹಾಸ ಅವಳ ಬೆರಳ ತುದಿಯಲ್ಲಿತ್ತು.

ಆದರೆ ಈ ಸಲ ಮಾವ ತನ್ನ ಬುದ್ಧಿಯನ್ನು ನಂಬಲಿಲ್ಲ. ನರ್ಸರಿಯವನ ಬಳಿ ಹೋಗಿ ಅಪರಾಧಿಯ ಹಾಗೆ ನಿಂತು ಎಲ್ಲವನ್ನೂ ಕೇಳಿಕೊಂಡ. ಇದಕ್ಕೆ ಮಣ್ಣು ಬೇಡ, ಬೇರಿಗೆ ಗಾಳಿ ಬೇಕು. ಇದ್ದಿಲು ಮತ್ತು ಮರದ ತೊಗಟೆಯ ಚೂರಿನಲ್ಲಿ ಕೂರಿಸಿ. ಬೇರು ಬೆಳ್ಳಗಾದಾಗ ಮಾತ್ರ ನೀರು, ಹಸಿರಾಗಿದ್ದರೆ ಕೈ ಕಟ್ಟಿಕೊಂಡು ಕೂತಿರಿ ಎಂದ ನರ್ಸರಿಯವನು. ಕೈ ಕಟ್ಟಿಕೊಂಡು ಕೂರುವುದೊಂದೇ ಮಾವನಿಗೆ ಬಾರದ ವಿದ್ಯೆ. ಆದರೂ ಕಲಿತ. ಕತ್ತರಿಯನ್ನು ಸ್ಪಿರಿಟ್ ದೀಪದಲ್ಲಿ ಸುಟ್ಟು, ಕೊಳೆತ ಬೇರುಗಳನ್ನು ಒಂದೊಂದಾಗಿ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿದ. ಗಿಡವನ್ನು ಅಜ್ಜಿಗೆಂದು ಇಟ್ಟುಕೊಂಡಿದ್ದ ಕಿಟಕಿಯ ಬಳಿಯೇ ಇಟ್ಟ. ಕ್ಲಿನಿಕ್ಕಿನಿಂದ ಒಂದು ರೋಗಿಯ ಕಾರ್ಡು ತಂದು, ಎಲೆಗಳಿಗೆ ಹಲ್ಲಿನ ಹಾಗೆ ಬಲ ಒಂದು, ಬಲ ಎರಡು, ಎಡ ಒಂದು, ಎಡ ಎರಡು ಎಂದು ನಂಬರು ಕೊಟ್ಟ. ಪ್ರತಿದಿನ ಬರೆದ. ಎಡ ಎರಡು ಅಲುಗಾಡುತ್ತಿದೆ. ಎಡ ಎರಡು ಬಿತ್ತು. ಬಲ ಎರಡು ಹಳದಿಯಾಗಿದೆ, ನೋವಿದ್ದಂತಿಲ್ಲ.

ಪ್ರತಿ ಭಾನುವಾರ ಫೋನಿನಲ್ಲಿ ಈ ವರದಿಯನ್ನು ಅಜ್ಜಿಗೆ ಒಪ್ಪಿಸುತ್ತಿದ್ದ. ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ಬೆಳಗಾಗುವ ಮುಂಚೆಯೇ ಅವನ ಫೋನು ಬಂತು. ಬೋಳು ಹೂದಂಟಿನ ಮೂರು ಗಂಟುಗಳು ಊದಿಕೊಂಡಿದ್ದವು. ಊತವೆಂದರೆ ಕೀವೇ ಎಂದು ಮೊದಲು ಹೆದರಿದನಂತೆ. ಮಾರನೇ ದಿನ ಹಸಿರು ಮೂತಿ ಹೊರಗೆ ಬಂದ ಮೇಲೆ ಮೊಗ್ಗೆಂದು ಖಾತ್ರಿಯಾಯಿತಂತೆ. ಅಜ್ಜಿ ಫೋನಿಟ್ಟು ಆ ಕ್ಷಣವೇ ಬ್ಯಾಗು ತುಂಬಿದಳು. ಎರಡು ಜೊತೆ ಬಟ್ಟೆ, ಕನ್ನಡಕ, ಹಲ್ಲು ಇಡುವ ಬಟ್ಟಲು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡ ಎಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಬ್ಯಾಗು ಬಾಗಿಲ ಬಳಿ ಕಾವಲು ಕೂತಿತು.

ಕೂಸು ಹುಟ್ಟಿತು, ಆದರೆ ಹೂವಾಗಿ ಅಲ್ಲ. ಮೂರೂ ಮೊಗ್ಗುಗಳು ಅರಳುವ ಬದಲು ಪುಟ್ಟ ಪುಟ್ಟ ಎಲೆ ಬಿಟ್ಟವು. ಮಾವ ಫೋಟೊ ಹಿಡಿದುಕೊಂಡು ನರ್ಸರಿಗೆ ಓಡಿದ. ನಾನು ಆಗ ಕಾಲೇಜಿನಲ್ಲಿದ್ದೆ, ಅವನ ಜೊತೆ ನಾನೂ ಹೋಗಿದ್ದೆ. ನರ್ಸರಿಯವನು ಇವು ಮೊಗ್ಗಲ್ಲ, ಮರಿಗಳು ಎಂದ. ತಾಯಿಯ ಸುಳಿ ಒಳಗೇ ಕೊಳೆತಿದೆ, ತಾನು ಉಳಿಯುವುದಿಲ್ಲ ಎಂದು ತಿಳಿದಾಗ ಗಿಡ ಹೀಗೆ ಇದ್ದಬದ್ದದ್ದನ್ನೆಲ್ಲ ಮರಿಗಳಿಗೆ ಕೊಟ್ಟುಬಿಡುತ್ತದೆ ಎಂದ. ಮರಿಗಳ ಬೇರು ಎರಡು ಇಂಚು ಆಗುವವರೆಗೆ ಕತ್ತರಿಸಬೇಡಿ. ಹೂವು ಬೇಕಾದರೆ ಇನ್ನು ಎರಡು ಮೂರು ವರ್ಷ ಕಾಯಿರಿ.

ವಾಪಸು ಬರುವ ದಾರಿಯಲ್ಲಿ ಎದುರಿಗೆ ಮಾವನದೇ ಸೆಟ್ಟು ಹಾಕಿಕೊಂಡ ಒಬ್ಬ ಮುದುಕರು ಬಾಯಿ ತುಂಬ ನಗುತ್ತ ಹೋದರು. ಅವನು ತಲೆ ಎತ್ತಲಿಲ್ಲ. ಎಪ್ಪತ್ತೆಂಟು ವರ್ಷದ ಅಜ್ಜಿಗೆ ಎರಡು ಮೂರು ವರ್ಷ ಎಂದು ಯಾವ ಬಾಯಲ್ಲಿ ಹೇಳುವುದು. ಭಾನುವಾರ ಅಜ್ಜಿ ಕೇಳಿದಾಗ, 'ಆಗ್ತಾ ಇದೆ' ಎಂದಷ್ಟೇ ಹೇಳಿದ. ಅದರ ಮುಂದಿನ ಭಾನುವಾರವೂ ಅದನ್ನೇ ಹೇಳಿದ. ಹೀಗೇ ಎರಡು ತಿಂಗಳು ತಳ್ಳಿದ. ಕೊನೆಗೆ ಅಮ್ಮನೇ ಫೋನು ಕಿತ್ತುಕೊಂಡು, ಬರುವ ಭಾನುವಾರ ನಾವೆಲ್ಲ ಬಂದು ಕಣ್ಣಾರೆ ನೋಡುತ್ತೇವೆ, ಹೂ ಇದ್ದರೆ ಅಮ್ಮ ಅಲ್ಲೇ ಇರುತ್ತಾಳೆ, ಇಲ್ಲದಿದ್ದರೆ ಈ ಮಾತು ಇನ್ನು ಎತ್ತಕೂಡದು ಎಂದು ತೀರ್ಪು ಕೊಟ್ಟಳು.

ಬುಧವಾರ ಕ್ಲಿನಿಕ್ಕಿಗೆ ರಜೆ. ಅಂದು ಮಧ್ಯಾಹ್ನ ನಾನು ಹೋದಾಗ ಮಾವ ಹಿಂದಿನ ಕೋಣೆಯಲ್ಲಿ, ಯಾವುದೋ ಹಳೆಯ ಕ್ಯಾಲೆಂಡರಿನ ಆರ್ಕಿಡ್ ಚಿತ್ರವನ್ನು ಎದುರಿಗಿಟ್ಟುಕೊಂಡು ಮೇಣದಲ್ಲಿ ಎಸಳು ತಿದ್ದುತ್ತಿದ್ದ. ನೋಡಿದ ಕೂಡಲೇ ನನಗೆ ಅರ್ಥವಾಯಿತು. ತಡೆಯಬೇಕಿತ್ತು, ತಡೆಯಲಿಲ್ಲ, ಬೇಕಾದ ಸಾಮಾನು ಎತ್ತಿಕೊಡುತ್ತ ನಿಂತೆ. ಇಪ್ಪತ್ತಾರು ವರ್ಷದ ವಿದ್ಯೆಯನ್ನೆಲ್ಲ ಅವನು ಆ ಹೂವಿಗೆ ಸುರಿದ. ಮೇಣದ ಹೂವನ್ನು ಪ್ಲಾಸ್ಟರಿನಲ್ಲಿ ಹುದುಗಿಸಿ, ಬಿಸಿನೀರಿನಲ್ಲಿ ಮೇಣ ಕರಗಿಸಿ ತೆಗೆದು, ಆ ಖಾಲಿ ಅಚ್ಚಿಗೆ ವಸಡಿನ ಗುಲಾಬಿ ಪುಡಿಯನ್ನು ಕಲಸಿ ತುಂಬಿ ಬೇಯಿಸಿದ. ವಸಡಿನಲ್ಲಿ ನರ ಕಾಣಲೆಂದು ಆ ಪುಡಿಯಲ್ಲಿ ಕೆಂಪು ಎಳೆಗಳಿರುತ್ತವೆ. ಎಸಳಿನಲ್ಲಿ ಅವು ಹೂವಿನದೇ ನರದಂತೆ ಹರಡಿದವು. ಅಚ್ಚು ಒಡೆದು, ಉಜ್ಜಿ, ಹೊಳಪು ಜಾಸ್ತಿಯಾಯಿತೆಂದು ಮತ್ತೆ ಮಂಕು ಮಾಡಿದ. ಒಂದು ಎಸಳನ್ನು ಮೊದಲೇ ಕೂದಲೆಳೆಯಷ್ಟು ಸೊಟ್ಟ ಮಾಡಿದ್ದ.

'ತಪ್ಪಲ್ವಾ ಮಾವ?' ಎಂದೆ.

'ತಪ್ಪೇ' ಎಂದ. 'ಆದ್ರೆ ಅಮ್ಮ ಬ್ಯಾಗು ಕಟ್ಕೊಂಡು ಕೂತಿದಾಳಲ್ಲ.'

ಹೂವನ್ನು ದಂಟಿನ ತುದಿಗೆ ಅಂಟಿಸಿದ್ದು ಸೆಟ್ಟು ಜಾರದ ಹಾಗೆ ವಸಡಿಗೆ ಹಚ್ಚುವ ಪೇಸ್ಟಿನಿಂದ.

ಭಾನುವಾರ ಬೆಳಗ್ಗೆ ಅಪ್ಪ ಮತ್ತು ನಾನು ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೂರು ಮಹಡಿ ಇಳಿದೆವು. ಒಂದೊಂದು ಮಹಡಿಯಲ್ಲೂ ಬಾಗಿಲು ತೆರೆದವರನ್ನೆಲ್ಲ ಅಜ್ಜಿ ಮಾತಾಡಿಸಿದಳು, ನಾವು ಕುರ್ಚಿ ಹಿಡಿದುಕೊಂಡು ಬೆವರು ಸುರಿಸಿದೆವು. ಮಾವನ ಮನೆಯ ಕಿಟಕಿಯ ಬಳಿ ಕೂರಿಸಿ ಐದು ನಿಮಿಷ ಆಗಿರಲಿಲ್ಲ, ಚಪ್ಪಲಿ ಹೊಲಿಯುವವನಿಗೆ ಎಷ್ಟು ಮಕ್ಕಳು, ಇಸ್ತ್ರಿಯವನ ಹೆಂಡತಿ ಯಾಕೆ ಮುನಿಸಿಕೊಂಡಿದ್ದಾಳೆ ಎಲ್ಲ ತಿಳಿದುಕೊಂಡಿದ್ದಳು. ಹತ್ತು ತಿಂಗಳ ಮೇಲೆ ಇನ್ನೂ ಆರು ತಿಂಗಳು ಬಾಯಿಗೆ ಬಿದ್ದಿದ್ದ ಬೀಗ ಅಂದು ತೆರೆದಿತ್ತು.

ಅಮ್ಮ ಅತ್ತ ಗಿಡದ ಮುಂದೆ ನಿಂತಿದ್ದಳು. ಗಿಡದಲ್ಲಿ ಉಳಿದಿದ್ದು ಒಂದೇ ಎಲೆ, ಬಲ ಒಂದು. ದಂಟಿನಲ್ಲಿ ಮೂರು ಮರಿ, ಅದರ ತುದಿಯಲ್ಲಿ ಗುಲಾಬಿ ಬಣ್ಣದ ಒಂದು ಹೂವು. ತುಂಬ ಹೊತ್ತು ನೋಡಿದಳು.

'ಸೋತೆ ಕಣೋ' ಎಂದಳು. ಗೆದ್ದ ಮಾವ ನೆಲ ನೋಡುತ್ತಿದ್ದ.

ಗಿಡವನ್ನು ಇತ್ತ ತಾ ಎಂದಳು ಅಜ್ಜಿ. ಕನ್ನಡಕ ಏರಿಸಿ ಹೂವನ್ನು ನೋಡಿದಳು. ಮಗನನ್ನು ನೋಡಿದಳು. ಮತ್ತೆ ಹೂವನ್ನು ನೋಡಿ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಅಜ್ಜಿ ಬಾಯಿ ಮುಚ್ಚಿದಳೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಅಮ್ಮನಿಗೆ ಇದೊಂದೂ ಗಮನಕ್ಕೆ ಬರಲಿಲ್ಲ. ಸೋತದ್ದನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಳ್ಳುವ ಉತ್ಸಾಹದಲ್ಲಿ ಹೂವನ್ನು ಹೊಗಳುತ್ತಲೇ ಇದ್ದಳು. ಎಂಥ ಬಣ್ಣ, ಎಂಥ ಎಸಳು, ಏನೇ ಹೇಳಿ, ನಿಜವಾದ ಹೂವಿಗಿರುವ ಜೀವಕಳೆ ಬೇರೆ ಯಾವುದಕ್ಕೂ ಬರುವುದಿಲ್ಲ ಎಂದಳು.

ಅಜ್ಜಿಗೆ ತಡೆಯಲಾಗಲಿಲ್ಲ. ಗಿಡವನ್ನು ಮಡಿಲಲ್ಲಿಟ್ಟುಕೊಂಡೇ ಬಾಯಿ ಅಗಲ ತೆರೆದು ನಗತೊಡಗಿದಳು. ಮೇಲೆ ಅಜ್ಜಿಯ ಗುಲಾಬಿ ವಸಡು, ಅದಕ್ಕೆ ನೆಟ್ಟಗೆ ಕೆಳಗೆ ಗುಲಾಬಿ ಹೂವು. ಅಮ್ಮ ವಸಡನ್ನು ನೋಡಿದಳು, ಹೂವನ್ನು ನೋಡಿದಳು, ಮತ್ತೆ ವಸಡನ್ನು ನೋಡಿದಳು. ಎರಡರಲ್ಲೂ ಅದೇ ಕೆಂಪು ಎಳೆಗಳು. ಕೈ ಚಾಚಿ ಹೂವನ್ನು ಎಳೆದಳು. ಟಪ್ಪೆಂದು ಕಿತ್ತು ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

'ಗಿಡ ಬದುಕಿಸು ಅಂದ್ರೆ ಗಿಡಕ್ಕೂ ಸೆಟ್ಟು ಕಟ್ಟಿದೀಯಲ್ಲೋ' ಎಂದಳು.

ಆಮೇಲೆ ಹತ್ತು ನಿಮಿಷ ಅವಳೊಬ್ಬಳೇ ಮಾತಾಡಿದಳು. ಮೀನು, ಕಳ್ಳಿ, ಗಿಳಿ ಎಲ್ಲವೂ ಬಂದು ಹೋದವು. ಕೊನೆಗೆ ಮಾವ ಗಿಡದ ಕಾರ್ಡನ್ನು ಅಕ್ಕನ ಕೈಗೆ ಕೊಟ್ಟು, ತಾಯಿ ಗಿಡ ಉಳಿಯುವುದಿಲ್ಲ, ಮರಿಗಳು ಉಳಿಯುತ್ತವೆ, ಬೇರು ಈಗ ಒಂದು ಇಂಚು ಮೂರು ಗೆರೆ ಆಗಿದೆ ಎಂದು ಮೆಲ್ಲಗೆ ಹೇಳಿದ. ಅಮ್ಮ ಕಾರ್ಡು ಓದಿದಳು. ಆರು ತಿಂಗಳು, ಒಂದು ದಿನವೂ ಬಿಟ್ಟಿರಲಿಲ್ಲ. ಓದುತ್ತ ಓದುತ್ತ ಅವಳ ಸಿಟ್ಟು ಎಲ್ಲೋ ಜಾರಿ, ಒಳಗಿದ್ದುದು ಹೊರಗೆ ಬಂತು.

'ಅಮ್ಮ ಬಿದ್ದಾಗ ನಾನು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ ಕಣೋ. ಕೈ ಚಾಚಿದ್ರೆ ಸಿಗ್ತಿದ್ಲು. ಹಿಡಿಯೋಕಾಗ್ಲಿಲ್ಲ. ಕಣ್ಣೆದುರೇ ಇದ್ದಾಗ ಹಿಡಿಯೋಕಾಗದವಳು, ಕಣ್ಣಿಗೆ ಕಾಣದ ಕಡೆ ಹೇಗೆ ಬಿಟ್ಟಿರ್ಲಿ?'

ಇದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ನನಗಂತೂ ಮಾವನಿಗೆ ಸಾಮಾನು ಎತ್ತಿಕೊಟ್ಟ ಕೈಗಳನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು.

ಅಮ್ಮ ಮೂಗು ಒರೆಸಿಕೊಂಡು, ಹೊರಡೋಣ, ಕುರ್ಚಿ ಎತ್ತಿ ಎಂದಳು. ಅಜ್ಜಿ ಕಿಟಕಿಯ ಸರಳು ಹಿಡಿದುಕೊಂಡಳು.

'ಹೂ ಸುಳ್ಳು, ಒಪ್ಪಿದೆ' ಎಂದಳು. 'ನನ್ನ ಬಾಯಲ್ಲಿರೋ ಹಲ್ಲೂ ಸುಳ್ಳೇ. ಅದನ್ನೂ ಇವನೇ ಕಟ್ಟಿದ್ದು. ಹನ್ನೊಂದು ವರ್ಷದಿಂದ ಅದರಲ್ಲೇ ಉಣ್ತಿದೀನಿ, ಒಂದು ದಿನಾನೂ ಕೈ ಕೊಟ್ಟಿಲ್ಲ. ನಾನು ಇಲ್ಲೇ ಇರ್ತೀನಿ ಮಗಳೇ. ಬಾಡಿದ್ರೆ ಬಂದು ಎತ್ಕೊಂಡು ಹೋಗು.'

ಸರಳಿನಿಂದ ಅವಳ ಬೆರಳು ಬಿಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮೂರು ತಿಂಗಳು ನೋಡೋಣ ಎಂದಳು ಅಮ್ಮ. ಮನೆಗೆ ಬಂದು ಚಪ್ಪಲಿ ಗೂಡಿನ ಪಕ್ಕದ ಮಂಚಕ್ಕೆ ಹೊಸ ಹೊದಿಕೆ ಹಾಸಿದಳು. ಯಾವ ಗಳಿಗೆಯಲ್ಲಿ ಅಜ್ಜಿಯನ್ನು ವಾಪಸು ಕರೆತರಬೇಕಾಗುತ್ತದೋ ಎಂದು ಅವಳ ಎಣಿಕೆ. ಆಮೇಲೆ ಪ್ರತಿ ವಾರ ತಪ್ಪದೆ ಆ ಹೊದಿಕೆ ಬದಲಾಯಿಸುತ್ತಿದ್ದಳು. ಹಾಲಿನಲ್ಲಿ ಓಡಾಡುವಾಗ ನಮ್ಮೆಲ್ಲರ ಮೊಣಕಾಲೂ ಆ ಖಾಲಿ ಮಂಚಕ್ಕೆ ಬಡಿಯುತ್ತಿತ್ತು. ಅದನ್ನು ಮಡಚಿಡೋಣ ಎಂದವರಿಗೆ ಅಂದು ಊಟದ ಜೊತೆ ಬೈಗುಳವೂ ಸಿಗುತ್ತಿತ್ತು. ಮೂರು ತಿಂಗಳು ಆರಾಯಿತು, ಆರು ತಿಂಗಳು ಒಂದು ವರ್ಷವಾಯಿತು, ಮಂಚ ಅಲ್ಲೇ ಇತ್ತು.

ತಾಯಿ ಆರ್ಕಿಡ್ಡಿನ ಬಲ ಒಂದು ಎಂಬ ಕೊನೆಯ ಎಲೆ ಎರಡು ತಿಂಗಳ ನಂತರ ಬಿತ್ತು. ಅಷ್ಟರಲ್ಲಿ ಮರಿಗಳಿಗೆ ಎರಡು ಇಂಚು ಬೇರು ಬಂದಿತ್ತು. ಸಾವಿರಾರು ಹಲ್ಲು ಕೂರಿಸಿದ ಮಾವ ಅವನ್ನು ಕತ್ತರಿಸುವ ಮುಂಚೆ ಕತ್ತರಿಯನ್ನು ಮೂರು ಸಲ ದೀಪದಲ್ಲಿ ಸುಟ್ಟನಂತೆ, ಅಜ್ಜಿ ದಂಟು ಹಿಡಿದುಕೊಂಡಳಂತೆ. ಒಂದು ಮರಿ ರಿಸೆಪ್ಷನಿಸ್ಟಿಗೆ ಹೋಯಿತು. ಅವಳು ಈಗಲೂ ಸೋಮವಾರ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ, ಅದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ, ಅದು ಸೊಂಪಾಗಿದೆ. ಇನ್ನೊಂದು ಅಮ್ಮನಿಗೆ. ಅಮ್ಮ ಅದಕ್ಕೆ ಹೊತ್ತು ಹೊತ್ತಿಗೆ ನೀರು ಕುಡಿಸಿದಳು, ಚಳಿಯೆಂದು ಶಾಲು ಹೊದಿಸಿದಳು, ಸ್ವಲ್ಪ ಹಾಲೂ ಹಾಕಿದಳೆಂದು ನನ್ನ ಅನುಮಾನ. ನಲವತ್ತು ದಿನಕ್ಕೆ ಅದು ಕೊಳೆತುಹೋಯಿತು. ಆಮೇಲೆ ನಮ್ಮ ಮನೆಯಲ್ಲಿ ಯಾರ ಕೈಗುಣದ ಮಾತನ್ನೂ ಯಾರೂ ಎತ್ತಲಿಲ್ಲ. ಮೂರನೆಯದು ಮಾವನ ಕಿಟಕಿಯಲ್ಲಿ, ಅಜ್ಜಿಯ ಪಕ್ಕದಲ್ಲಿ ಉಳಿಯಿತು. ಗುಲಾಬಿ ಹೂವನ್ನು ಅಜ್ಜಿ ತನ್ನ ಹಲ್ಲಿನ ಬಟ್ಟಲಿನಲ್ಲೇ ಇಟ್ಟುಕೊಂಡಿದ್ದಳು. ಎರಡೂ ಒಂದೇ ಕಾರ್ಖಾನೆಯವು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಅಜ್ಜಿ ಅಲ್ಲಿಗೆ ಹೋಗಿ ಎರಡೂವರೆ ವರ್ಷವಾದಾಗ ಮಾವ ಫೋನು ಮಾಡಿದ. ಹೂ ಬಿಟ್ಟಿದೆ ಅಕ್ಕ, ಬಂದು ನೋಡು ಎಂದ. ಅಮ್ಮ ಆ ಗಳಿಗೆಗೇ ಹೊರಟಳು, ಜೊತೆಗೆ ನಾನೂ.

ಹೂವು ಬೆಳ್ಳಗಿತ್ತು. ಅಪ್ಪಟ ಬಿಳಿ. ಡಾಕ್ಟರ ಹಳದಿಯೂ ಅಲ್ಲ, ರಿಸೆಪ್ಷನಿಸ್ಟಳ ನೀಲಿಯೂ ಅಲ್ಲ, ಮಾವನ ಗುಲಾಬಿಯಂತೂ ಅಲ್ಲವೇ ಅಲ್ಲ. ಅಮ್ಮ ಹತ್ತಿರ ಹೋಗಿ ಹಿಂದೆ ಮುಂದೆ ನೋಡಿದಳು, ದಂಟಿನ ಬುಡದಲ್ಲಿ ಪೇಸ್ಟಿದೆಯೇ ಎಂದು ಬೆರಳಾಡಿಸಿದಳು, ಕೊನೆಗೆ ಒಂದು ಎಸಳಿಗೆ ಉಗುರು ಒತ್ತಿದಳು. ಎಸಳಿನ ಮೇಲೆ ಗಾಯದ ಗೆರೆ ಮೂಡಿ ನೀರೊಡೆಯಿತು. ಮಾವ ನೋವಾದವನಂತೆ ಹ್ಞಾಂ ಎಂದ.

'ನಿಜದ್ದೇ' ಎಂದಳು ಅಮ್ಮ. ಆಮೇಲೆ ನೆಟ್ಟಗೆ ನಿಂತು ತಮ್ಮನಿಗೆ ಹೇಳಿದಳು, 'ಸರಿ. ಅಮ್ಮನ್ನ ಕರ್ಕೊಂಡು ಹೋಗು.'

ಕಿಟಕಿಯಲ್ಲಿ ಇಸ್ತ್ರಿಯವನ ಹೆಂಡತಿಗೆ ಬುದ್ಧಿ ಹೇಳುತ್ತಿದ್ದ ಅಜ್ಜಿ ತಿರುಗಿ ನೋಡಿದಳು. 'ನಾನು ಬಂದು ಎರಡೂವರೆ ವರ್ಷ ಆಯ್ತಲ್ಲೇ.'

'ನೀನಾಗಿ ಬಂದಿದ್ದೆ' ಎಂದಳು ಅಮ್ಮ. 'ನಾನಿನ್ನೂ ಕಳಿಸಿರ್ಲಿಲ್ಲ. ಈಗ ಕಳಿಸ್ತಿದೀನಿ.'

ಅಜ್ಜಿ ಮಗಳ ಕೈ ಹಿಡಿದೆಳೆದು ಕಿಟಕಿಯ ಬಳಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಅಂದು ಸಂಜೆ ಮನೆಗೆ ಬಂದ ಮೇಲೆ ಅಮ್ಮ ಹೊದಿಕೆ ತೆಗೆದು ಒಗೆಯಲು ಹಾಕಿ, ಚಪ್ಪಲಿ ಗೂಡಿನ ಪಕ್ಕದ ಮಂಚವನ್ನು ಮಡಚಿ ಗೋಡೆಗೆ ಒರಗಿಸಿದಳು.